ಲಿನಕ್ಸ್‌ಗೆ ಹಳೆಯ ಲ್ಯಾಪ್‌ಟಾಪ್ ಸಾಕೇ?

ಪ್ರಶ್ನೆ: ಕಡಿಮೆ ದುಡ್ಡಿನಲ್ಲಿ ಲಿನಕ್ಸ್ ಬಳಸಲು ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು?

ಉತ್ತರ: ಧಾರಾಳವಾಗಿ ಹಳೆಯದನ್ನೇ ಕೊಳ್ಳಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಏಳನೇ ತಲೆಮಾರಿನ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಲಿನಕ್ಸ್‌ಗೆ ಆ ತಕರಾರಿಲ್ಲ. ಕಚೇರಿಗಳು ಕೈಬಿಟ್ಟ ಥಿಂಕ್‌ಪ್ಯಾಡ್ ಟಿ470 ಒಳ್ಳೆಯ ಆಯ್ಕೆ. ತಳದ ತಿರುಪು ಬಿಚ್ಚಿದರೆ ರ‍್ಯಾಮ್‌ಗೆ ಎರಡು ಸ್ಲಾಟ್. ಬ್ಯಾಟರಿಯೂ ಎರಡು, ಒಂದು ಒಳಗೆ, ಇನ್ನೊಂದು ಹೊರಗಿನಿಂದಲೇ ಕಳಚುವಂಥದ್ದು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಲಿನಕ್ಸ್ ಮಿಂಟ್ ಸಲೀಸಾಗಿ ಓಡುತ್ತದೆ.

ಹಲವರು ಎಡವುವುದು ವೈಫೈನಲ್ಲಿ. ಇಂಟೆಲ್ ಕಾರ್ಡಿನ ಡ್ರೈವರ್ ಕರ್ನೆಲ್‌ನಲ್ಲೇ ಇರುತ್ತದೆ; ಕೆಲವು ಬ್ರಾಡ್‌ಕಾಮ್ ಕಾರ್ಡುಗಳಿಗೆ ಬೇರೆ ಹಾಕಬೇಕು.

ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವಾಗ ಮಿಂಟ್ ತುಂಬಿದ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅದರಿಂದಲೇ ಬೂಟ್ ಮಾಡಿ, ವೈಫೈ, ಧ್ವನಿ, ಕ್ಯಾಮೆರಾ ಪರೀಕ್ಷಿಸಿ, ಮುಚ್ಚಳ ಮುಚ್ಚಿ ತೆರೆದು ನೋಡಿದ ಮೇಲೆಯೇ ಹಣ ಎಣಿಸಬೇಕು.