ಕುತ್ತಿಗೆ ನೋವಿಗೆ ಚರ್ಮ ಸವರಿದರೆ ಸಾಕೇ? ನಿಜ ಎಷ್ಟು, ಸುಳ್ಳು ಎಷ್ಟು?

ಕುತ್ತಿಗೆ, ಹೆಗಲ ಮೇಲೆ ಬೆರಳಿನಿಂದ ಮೆಲ್ಲಗೆ ಸವರಿದರೆ ಮುಚ್ಚಿದ ನರ ತೆರೆಯುತ್ತದೆ, ಹಳೆಯ ನೋವು ಬೇರುಸಹಿತ ಹೋಗುತ್ತದೆ ಎನ್ನುವಂಥ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ಬರುತ್ತಿರುತ್ತವೆ. ಇಂಡಿಯ ತೋಟಗಳಲ್ಲಿ ಕೈ ಮೇಲೆತ್ತಿ ನಿಂಬೆ ಕೀಳುವವರಿಗೆ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ತೊಗರಿ ಹೊಲದಲ್ಲಿ ದಿನವಿಡೀ ಬಗ್ಗುವವರಿಗೆ ಹೆಗಲು ನೋವು ಹೊಸದಲ್ಲ. ಮೊಬೈಲ್ ನೋಡುತ್ತಾ ತಲೆ ತಗ್ಗಿಸಿ ಕೂರುವ ನಮಗೂ ಅಷ್ಟೇ. ಹಾಗಾದರೆ ಈ ಮಾತು ನಿಜವೇ?

ನಿಜ ಯಾವುದು?

ಮೊಣಕಾಲಿಗೆ ಪೆಟ್ಟು ಬಿದ್ದರೆ ನಾವು ತಕ್ಷಣ ಅಲ್ಲಿ ಉಜ್ಜಿಕೊಳ್ಳುತ್ತೇವೆ. ನೋವು ಸ್ವಲ್ಪ ಇಳಿಯುತ್ತದೆ. ಏಕೆ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಿವರಣೆ ಕೊಟ್ಟರು. ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದಂತೆ. ಸ್ಪರ್ಶದ ಸುದ್ದಿ ಬಂದಾಗ ಆ ಬಾಗಿಲು ಅರ್ಧ ಮುಚ್ಚುತ್ತದೆ.

ಇನ್ನೊಂದು ಸಂಗತಿ: ನಮ್ಮ ಚರ್ಮದಲ್ಲಿ ನಿಧಾನದ, ಹಗುರ ಸ್ಪರ್ಶಕ್ಕೇ ಸ್ಪಂದಿಸುವ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗದಲ್ಲಿ ಸವರಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ, ಮನಸ್ಸಿಗೂ ಹಿತವೆನಿಸುತ್ತದೆ.

ಸುಳ್ಳು ಯಾವುದು?

ಸವರಿದರೆ ಯಾವ ನರವೂ ‘ತೆರೆಯುವುದಿಲ್ಲ’. ಸವೆದ ಮೂಳೆ, ಜರುಗಿದ ಡಿಸ್ಕ್ ಸರಿಹೋಗುವುದಿಲ್ಲ. ಇದರಿಂದ ಸಿಗುವುದು ಸ್ವಲ್ಪ ಹೊತ್ತಿನ ಆರಾಮ ಅಷ್ಟೇ. ಜೋರಾಗಿ ಒತ್ತಿದರೆ ಹೆಚ್ಚು ಗುಣ ಎಂಬುದೂ ತಪ್ಪು. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ತಿರುವಿ ‘ಲಟಕ್’ ಎನಿಸಿಕೊಳ್ಳುವುದಂತೂ ಬೇಡವೇ ಬೇಡ. ಅಪರೂಪಕ್ಕಾದರೂ ಮಿದುಳಿಗೆ ಹೋಗುವ ರಕ್ತನಾಳ ಒಳಗೆ ಹರಿದು ಲಕ್ವ ಹೊಡೆಯಬಹುದು.

ಮಾಡುವುದು ಹೇಗೆ?

* ಭುಜ ಸಡಿಲ ಬಿಟ್ಟು ಕೂತುಕೊಳ್ಳಿ. ಬೆಚ್ಚಗಿನ ಅಂಗೈಯಿಂದ ಕಿವಿಯ ಹಿಂದಿನಿಂದ ಹೆಗಲ ತುದಿಯವರೆಗೆ ಸವರಿ. ಒಂದು ಸಲಕ್ಕೆ ಐದಾರು ಸೆಕೆಂಡು ಹಿಡಿಯಲಿ.
* ಎರಡು ಮೂರು ನಿಮಿಷ ಸಾಕು. ಮನೆಯವರು ಸವರಿದರೆ ಇನ್ನೂ ಹಿತ.
* ಕುತ್ತಿಗೆಯ ಮುಂಭಾಗ ಒತ್ತಬೇಡಿ. ಗಾಯ, ಗುಳ್ಳೆ ಇದ್ದರೆ ಮುಟ್ಟಬೇಡಿ.
* ಆರಾಮ ಸಿಕ್ಕ ಹೊತ್ತಿನಲ್ಲಿ ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಭುಜ ಮೇಲೆತ್ತಿ ಇಳಿಸಿ. ಹಳೆಯ ನೋವಿಗೆ ಹೆಚ್ಚು ನೆರವಾಗುವುದು ದಿನವೂ ಮಾಡುವ ಈ ವ್ಯಾಯಾಮವೇ.

ವೈದ್ಯರ ಬಳಿ ಯಾವಾಗ?

ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡೆಯುವಾಗ ತೂರಾಡಿದರೆ, ಜ್ವರ ಜೊತೆಗಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ತಡ ಮಾಡಬೇಡಿ. ಹೆಗಲು, ತೋಳು ಅಥವಾ ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಅದು ಹೃದಯಾಘಾತ ಇರಬಹುದು. ಆಗ ಸವರುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ, ‘ಬೇರುಸಹಿತ ಗುಣ’ ಎಂಬ ಮಾತು ಬಿಟ್ಟು, ಈ ಕೊನೆಯ ಎಚ್ಚರಿಕೆಯನ್ನು ಸೇರಿಸಿ ಕಳುಹಿಸಿ. ನಿಮ್ಮ ಗ್ರೂಪಿನಲ್ಲಿ ಯಾರಿಗಾದರೂ ಅದೇ ಬೇಕಾಗಿರಬಹುದು.