ಪಿಪಿಇ ಕಿಟ್‌ನೊಳಗಿನ ಡ್ಯೂಟಿ

ಕೋವಿಡ್ ವಾರ್ಡಿನ ನರ್ಸ್‌ಗೆ ಬಾಯಾರಿದರೆ?
ಡ್ಯೂಟಿ ಮುಗಿಯುವವರೆಗೆ ತಡೆದುಕೊಳ್ಳಬೇಕಿತ್ತು.

2020, ಬೆಂಗಳೂರು.
ಶಿವಾಜಿನಗರದ ಬೌರಿಂಗ್,
ಇಂದಿರಾನಗರದ ಸಿ.ವಿ. ರಾಮನ್,
ಎರಡೂ ಕೋವಿಡ್ ಆಸ್ಪತ್ರೆಗಳಾದವು.

ಪಿಪಿಇ ಕಿಟ್ ಅಂದರೆ,
ಏಪ್ರಿಲ್ ಬಿಸಿಲಲ್ಲಿ ರೇನ್‌ಕೋಟ್ ಹಾಕಿಕೊಂಡು ಓಡಿದ ಹಾಗೆ.
ಮೈಯೆಲ್ಲ ಬೆವರು.
ಕನ್ನಡಕದ ತುಂಬ ಆವಿ.
ಒಮ್ಮೆ ಬಿಚ್ಚಿದರೆ ಕಿಟ್ ಕಸಕ್ಕೆ.
ಅದಕ್ಕೇ ನೀರಿಲ್ಲ, ಶೌಚಾಲಯವಿಲ್ಲ.

ಮುಖವೂ ಕಾಣದು.
ಎದೆಯ ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರೇ ಗುರುತು.

2021ರ ಏಪ್ರಿಲ್, ಮೇ.
ಎರಡನೇ ಅಲೆ.
ಹಾಸಿಗೆ ಸಾಲದು, ಆಕ್ಸಿಜನ್ ಸಾಲದು.
ಉಸಿರಾಡಲು ಒದ್ದಾಡುವವರನ್ನು
ಟ್ಯೂಬುಗಳು ಕಳಚದಂತೆ, ನಾಲ್ಕೈದು ಜನ ಸೇರಿ
ಬೋರಲು ಮಲಗಿಸಬೇಕು.
ಮನೆಯವರಿಗೆ ಒಳಗೆ ಪ್ರವೇಶವಿಲ್ಲ.
ಕೊನೆಯ ವಿಡಿಯೊ ಕಾಲ್‌ಗೆ
ಮೊಬೈಲ್ ಹಿಡಿದವರೂ ಸಿಸ್ಟರ್‌ಗಳೇ.

ಇಷ್ಟು ಹೊತ್ತವರಿಗೆ ಚಪ್ಪಾಳೆ ಸಾಲದು.
ವಾರ್ಡಿಗೆ ಸಾಕಾಗುವಷ್ಟು ನರ್ಸ್‌ಗಳ ನೇಮಕ ಆಗಬೇಕು,
ಮುಂದಿನ ಅಲೆ ಬರುವ ಮೊದಲೇ.