ನೋವಿಲ್ಲದ ದವಡೆ ಊತ: ಅಲಕ್ಷಿಸಬೇಡಿ

ಕೆನ್ನೆಯ ಒಂದು ಬದಿ ದಪ್ಪಗಾಗಿದೆ. ಆದರೆ ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತದೆ. ಹೀಗಿರುವಾಗ ಯಾರು ತಾನೇ ಆಸ್ಪತ್ರೆಗೆ ಹೋಗುತ್ತಾರೆ?

ಕುಣಿಗಲ್ ಕಡೆಯ ಗೃಹಿಣಿಯೊಬ್ಬರು ಅತ್ತೆಯವರ ಸಕ್ಕರೆ ಪರೀಕ್ಷೆಗೆಂದು ಬಂದಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಸೊಸೆಯ ಕೆಳದವಡೆ. "ಹುಳುಕು ಹಲ್ಲಿಂದು ಸಾರ್, ಮಾತ್ರೆ ತಗೊಂಡಿದ್ದೀನಿ" ಎಂದರು. ಎಷ್ಟು ದಿನದಿಂದ ಎಂದರೆ ನೆನಪಿಲ್ಲ. ಹಳೆಯ ಫೋಟೋ ತರಲು ಹೇಳಿದೆ. ಮದುವೆಯ ಫೋಟೋದಲ್ಲಿ ಮುಖ ಸಮವಾಗಿತ್ತು. ಮಗುವಿನ ನಾಮಕರಣದ ಹೊತ್ತಿಗೆ ಬಲಗಡೆ ಉಬ್ಬಿತ್ತು. ಅಂದರೆ ಊತಕ್ಕೆ ನಾಲ್ಕು ವರ್ಷ!

ಹಲ್ಲಿನ ಕೀವಿನಿಂದಾದ ಬಾವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಏರುತ್ತದೆ, ನೋಯುತ್ತದೆ. ತಿಂಗಳುಗಟ್ಟಲೆ ಮೆಲ್ಲಗೆ ಬೆಳೆದು, ಒತ್ತಿದರೆ ಗಟ್ಟಿಯಾಗಿರುವ ಊತ ಮೂಳೆಯೊಳಗಿನ ಗಡ್ಡೆಯಿರಬಹುದು. ಆಂಟಿಬಯಾಟಿಕ್‌ಗೆ ಅದು ಜಗ್ಗುವುದಿಲ್ಲ. ಇಂಥದ್ದಕ್ಕೆ ಬರೀ ಮಾತ್ರೆ ಬರೆದುಕೊಟ್ಟು ಕಾಲ ಕಳೆದ ತಪ್ಪು ನನ್ನಿಂದಲೂ ಒಮ್ಮೆ ಆಗಿದೆ.

ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಡಿ. ಹೀಗೆ ನಿಧಾನವಾಗಿ ಬೆಳೆಯುವವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅಂಗುಳಿನ ನಡುವೆ ಅಥವಾ ಕೆಳದವಡೆಯ ಒಳಬದಿಯಲ್ಲಿ ಎರಡೂ ಕಡೆ ಕಾಣುವ 'ಟೋರಸ್' ಎಂಬ ಮೂಳೆಯ ಉಬ್ಬು ನಿರುಪದ್ರವಿ. 'ಆಸ್ಟಿಯೋಮಾ' ಎಂದರೆ ಮೂಳೆಯೇ ಹೆಚ್ಚಾಗಿ ಬೆಳೆದು ಆದ ಗಂಟು. ಒಂದೇ ಇದ್ದರೆ ಚಿಂತೆ ಕಡಿಮೆ, ಹಲವು ಇದ್ದರೆ ದೊಡ್ಡ ಕರುಳನ್ನೂ ಪರೀಕ್ಷಿಸಬೇಕು. ಮಕ್ಕಳಲ್ಲಿ ಕಾಣಿಸುವ 'ಫೈಬ್ರಸ್ ಡಿಸ್‌ಪ್ಲೇಸಿಯಾ' ಪ್ರಾಯ ಬಂದ ಮೇಲೆ ಬಹುಮಟ್ಟಿಗೆ ತಟಸ್ಥವಾಗುತ್ತದೆ.

ಎಚ್ಚರ ಬೇಕಾದದ್ದು 'ಅಮೆಲೋಬ್ಲಾಸ್ಟೋಮಾ' ಬಗ್ಗೆ. ಹಲ್ಲನ್ನು ರೂಪಿಸುವ ಅಂಗಾಂಶದಿಂದ ಹುಟ್ಟುವ ಈ ಗಡ್ಡೆ ಶೇ. 80ರಷ್ಟು ಕೆಳದವಡೆಯಲ್ಲೇ, ಅದರಲ್ಲೂ ಹಿಂದಿನ ದವಡೆಹಲ್ಲುಗಳ ಬಳಿ ಬರುತ್ತದೆ. ದೇಹದ ಬೇರೆಡೆಗೆ ಹರಡುವುದು ತೀರಾ ಅಪರೂಪ. ಆದರೆ ಇದ್ದಲ್ಲೇ ಮೂಳೆಯನ್ನು ತಿನ್ನುತ್ತದೆ. ಹಲ್ಲು ಅಲುಗಾಡುತ್ತದೆ, ಮುಖ ಸೊಟ್ಟಗಾಗುತ್ತದೆ, ಕೊನೆಗೆ ದವಡೆ ಮುರಿಯಲೂಬಹುದು. ಎಲೆ ಅಡಿಕೆ, ಹೊಗೆಸೊಪ್ಪು ಮುಟ್ಟದವರಿಗೂ ಬರುತ್ತದೆ. ಸೊಸೆಯನ್ನು ದೂರುವ ಅತ್ತೆಯಂದಿರು ಗಮನಿಸಿ!

ಪತ್ತೆ ಕಷ್ಟವಲ್ಲ. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಂಬ ಎಕ್ಸ್‌ರೇ ಮೊದಲು ಬೇಕು, ಬಳಿಕ ಬಯಾಪ್ಸಿ. ಗುಬ್ಬಿ, ಕುಣಿಗಲ್‌ನವರು ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆ. ಊರಿನಲ್ಲಿ ಬರೆ ಹಾಕಿಸುವುದು, ಸೊಪ್ಪಿನ ಪಟ್ಟು ಕಟ್ಟಿಸುವುದು, ಉಜ್ಜಿ ನೀವಿಸುವುದು ಬೇಡ.

"ಸ್ವಲ್ಪ ಕೆರೆದು ತೆಗೆದರೆ ಸಾಲದೇ?" ಎಂದು ಹಲವರು ಕೇಳುತ್ತಾರೆ. ಸಾಮಾನ್ಯ ಬಗೆಯ ಅಮೆಲೋಬ್ಲಾಸ್ಟೋಮಾದಲ್ಲಿ ಸಾಲದು. ಎಕ್ಸ್‌ರೇಯಲ್ಲಿ ಕಾಣುವ ಅಂಚಿನಾಚೆಗೂ ಅದರ ಕಣಗಳು ಮೂಳೆಯೊಳಗೆ ನುಸುಳಿರುತ್ತವೆ. ಬರೀ ಕೆರೆದರೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ಆದ್ದರಿಂದ ಸುತ್ತಲಿನ 1ರಿಂದ 2 ಸೆಂಟಿಮೀಟರ್ ಆರೋಗ್ಯವಂತ ಮೂಳೆಯನ್ನೂ ಸೇರಿಸಿ ತೆಗೆಯುತ್ತಾರೆ. ಬೇಗ ಬಂದಷ್ಟೂ ಕಳೆದುಕೊಳ್ಳುವ ದವಡೆ ಕಡಿಮೆ. ದೊಡ್ಡ ಭಾಗ ಹೋದರೆ ಮೊಣಕಾಲ ಕೆಳಗಿನ ತೆಳು ಮೂಳೆಯಾದ ಫಿಬ್ಯುಲಾದ ತುಂಡನ್ನು ಕೂಡಿಸಿ ದವಡೆಯನ್ನು ಮರಳಿ ಕಟ್ಟಬಹುದು. ಅದನ್ನು ತೆಗೆದ ಮೇಲೂ ನಡೆಯಬಹುದು.

ಆ ಗೃಹಿಣಿಗೆ ಇದ್ದದ್ದು ಇದೇ ಗಡ್ಡೆ. ಶಸ್ತ್ರಚಿಕಿತ್ಸೆಯಾಗಿ ಈಗ ಮುದ್ದೆ ನುಂಗುತ್ತಾರೆ, ಚಕ್ಕುಲಿ ಮಾತ್ರ ಇನ್ನೂ ಬೇಡ ಎಂದಿದ್ದಾರೆ. ಹತ್ತು ವರ್ಷಗಳ ನಂತರವೂ ಇದು ಮರುಕಳಿಸಿದ್ದುಂಟು. ಹಾಗಾಗಿ ವರ್ಷಕ್ಕೊಮ್ಮೆ ಎಕ್ಸ್‌ರೇಗೆ ಬರುವಂತೆ ಅವರಿಗೆ ತಿಳಿಸಲಾಗಿದೆ.